ಐರಾವತ ಮಗ್ಗುಲಾದ ಭಾನುವಾರ

ಇಪ್ಪತ್ತೆರಡು ವರ್ಷ ಸ್ಕೂಟಿ ಓಡಿಸಿದ ಮೇಲೆ ಮನೋಹರ ಮೇಷ್ಟ್ರಿಗೆ ಒಂದು ಭಾರಿ ಬೈಕು ಬೇಕೆನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಅದನ್ನು ಹೆಂಡತಿಗೆ ಹೇಳಿದ ರೀತಿಯಲ್ಲಿ. "ಮಂಜು, ನಾನೊಂದು ನಿರ್ಧಾರ ಮಾಡಿದ್ದೀನಿ" ಅಂತ ಶುರು ಮಾಡಿಬಿಟ್ಟರು. ಹೊಸಮನೆ ಬಡಾವಣೆಯ ಆ ಮನೆಯಲ್ಲಿ ಮದುವೆಯಾದಾಗಿನಿಂದ ನಿರ್ಧಾರದ ಖಾತೆ ಮಂಜುಶ್ರೀಯದು, ಮೇಷ್ಟ್ರದು ಅನುಷ್ಠಾನ ಖಾತೆ. ಖಾತೆ ಬದಲಾವಣೆಯ ಸುದ್ದಿ ಕೇಳಿ ಮಂಜುಶ್ರೀ ಸೌಟು ಕೆಳಗಿಟ್ಟರು.

"ಏನದು?"

"ಬೈಕು. ದೊಡ್ಡದು."

"ಎಷ್ಟು ತೂಕ?"

"ನೂರಾ ತೊಂಬತ್ತು ಕೆಜಿ."

"ನಿಮ್ಮದು?"

"ಅರವತ್ತೊಂದು. ಆದ್ರೆ ಇದು ತೂಕದ ಪ್ರಶ್ನೆ ಅಲ್ಲ ಮಂಜು, ಗುರುತ್ವ ಕೇಂದ್ರದ ಪ್ರಶ್ನೆ."

ಮೇಷ್ಟ್ರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಾರೆ. ಗುರುತ್ವ ಕೇಂದ್ರ, ಸನ್ನೆಕೋಲು, ಸಮತೋಲನ ಇವೆಲ್ಲ ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಆದರೆ ದಿನಾ ಬೆಳಗ್ಗೆ ಕಾಲೇಜಿನ ದಾರಿಯಲ್ಲಿ ಅವರ ಶಿಷ್ಯರೇ ಗುಡುಗುಡು ಅಂತ ಪಕ್ಕದಲ್ಲಿ ಹಾದು, "ನಮಸ್ಕಾರ ಸಾರ್" ಅಂದು ಮುಂದೆ ಹೋಗುತ್ತಿದ್ದರು. ಮೇಷ್ಟ್ರು ತಿರುಗಿ ನಮಸ್ಕಾರ ಹೇಳುವಷ್ಟರಲ್ಲಿ ಅವರು ಸರ್ಕಲ್ ದಾಟಿರುತ್ತಿದ್ದರು. ಹೀಗೆ ಜೇಬಿನಲ್ಲೇ ಉಳಿದ ನಮಸ್ಕಾರಗಳು ಎಷ್ಟೋ. ನಲವತ್ತೊಂಬತ್ತು ತುಂಬಿತು, ಈ ಆಸೆ ಈಗ ತೀರದಿದ್ದರೆ ಆಮೇಲೆ ಮೊಣಕಾಲು ಬಿಡುವುದಿಲ್ಲ ಅನ್ನುವುದು ಅವರಿಗೆ ನಿಜವಾಗಿಯೂ ಬೇಸರ ತಂದಿತ್ತು.

ಆ ಬೇಸರ ಮಂಜುಶ್ರೀಗೂ ಕಾಣುತ್ತಿತ್ತು. ಒಪ್ಪಿದರು. ಆದರೆ ಒಂದು ಷರತ್ತು.

"ತಗೊಳ್ಳಿ. ಆದ್ರೆ ಬೈಕು ಒಂದೇ ಒಂದು ಸಲ ನೆಲಕ್ಕೆ ಬಿತ್ತು ಅಂದ್ರೆ ಅವತ್ತೇ ಮಾರೋದು. ಯಾಕೆ ಬಿತ್ತು, ಹೆಂಗೆ ಬಿತ್ತು, ಯಾವ ಕಥೇನೂ ನನಗೆ ಬೇಡ. ಇನ್ನೊಂದು, ಭದ್ರಾವತಿಗೆ ಹೋಗಿ ಬಂದು ತೋರಿಸೋ ತನಕ ನಾನು ಹಿಂದೆ ಕೂರಲ್ಲ."

ಭದ್ರಾವತಿ ಬಂದದ್ದು ಹೀಗೆ. ಮಂಜುಶ್ರೀಯ ತವರು ಅಲ್ಲಿನ ಜನ್ನಾಪುರ. ಅವರಮ್ಮ ಪುಷ್ಪಮ್ಮನ ಕಾನೂನಿನ ಪ್ರಕಾರ ಅಳಿಯನ ಮನೆಗೆ ಯಾವ ಗಾಡಿ ಬಂದರೂ ಮೊದಲು ಅವರ ಗೇಟಿನ ಮುಂದೆ ನಿಂತು ದೃಷ್ಟಿ ತೆಗೆಸಿಕೊಳ್ಳಬೇಕು. ಅಲ್ಲಿಯ ತನಕ ಊರೊಳಗೆ ಓಡಿಸುವಂತಿಲ್ಲ. ಹಾಗಾಗಿ ಬೈಕು ಬಂದ ವಾರವಿಡೀ ಮೇಷ್ಟ್ರು ಕಾಲೇಜಿಗೆ ಸ್ಕೂಟಿಯಲ್ಲೇ ಹೋದರು. ಬೈಕು ಕವರ್ ಹೊದ್ದುಕೊಂಡು ಮನೆ ಮುಂದೆ ನಿಂತಿತ್ತು. ಅದರ ಗಾತ್ರ ನೋಡಿ ಮಂಜುಶ್ರೀ ಅದಕ್ಕೆ ಐರಾವತ ಅಂತ ಹೆಸರಿಟ್ಟರು. ಮೇಷ್ಟ್ರು ಬೆಳಗ್ಗೆ ಐದೂವರೆಗೆ, ಬೀದಿಯಲ್ಲಿ ಹಾಲಿನವರು ಬಿಟ್ಟರೆ ಯಾರೂ ಇಲ್ಲದಾಗ, ಎರಡು ಸುತ್ತು ಹಾಕಿ ತಂದು ನಿಲ್ಲಿಸುತ್ತಿದ್ದರು.

ಶುಕ್ರವಾರ ಒಂದು ಆಘಾತವಾಯಿತು. ಎಡಗಡೆ ಹ್ಯಾಂಡಲಿನ ತುದಿಯಲ್ಲಿ ಒಂದು ಗೀರು. ಬೆರಳುದ್ದದ್ದು. ಗೇಟಿನೊಳಗೆ ತಳ್ಳುವಾಗ ತಾವೇ ಉಜ್ಜಿರಬೇಕು ಅಂದುಕೊಂಡ ಮೇಷ್ಟ್ರು ಹೆಂಡತಿ ಸ್ನಾನಕ್ಕೆ ಹೋದ ಸಮಯ ನೋಡಿ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿದುಬಿಟ್ಟರು. (ಕಾಲೇಜಿನ ಲ್ಯಾಬ್‌ನಲ್ಲಿ ಬಾಟಲಿಗಳ ಮೇಲೆ ಹೆಸರು ಬರೆಯುವ ಪೆನ್ನು. ಸರ್ಕಾರಿ ಸ್ವತ್ತನ್ನು ಸ್ವಂತಕ್ಕೆ ಬಳಸಿದ್ದು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅದೊಂದೇ ಸಲ.)

ಭಾನುವಾರ ಬೆಳಗ್ಗೆ ಮಂಜುಶ್ರೀ ಒಂಬತ್ತೂವರೆಯ ಬಸ್ಸಿಗೆ ಬರುವುದು, ಮೇಷ್ಟ್ರು ಒಂದು ಗಂಟೆ ಮುಂಚೆ ಬೈಕಿನಲ್ಲಿ ಹೊರಡುವುದು ಅಂತ ತೀರ್ಮಾನವಾಯಿತು. ಮಲವಗೊಪ್ಪ ದಾಟಿದ ಮೇಲೆ ಮೇಷ್ಟ್ರಿಗೆ ತಾವು ಇಷ್ಟು ವರ್ಷ ಬದುಕಿದ್ದೇ ಈ ರಸ್ತೆಗಾಗಿ ಅನ್ನಿಸಿತು. ನಿದಿಗೆಯ ಹತ್ತಿರ ಒಂದು ಸ್ಕೂಟಿಯನ್ನು ಹಿಂದೆ ಹಾಕಿದರು. ಸ್ಕೂಟಿಯಲ್ಲಿದ್ದ ಅಪರಿಚಿತನಿಗೆ "ನಮಸ್ಕಾರ" ಅಂದರು. ಆತ ತಿರುಗಿ ಹೇಳುವ ತನಕ ಇವರು ನಿಲ್ಲಲಿಲ್ಲ.

ಜನ್ನಾಪುರದ ಗೇಟಿನ ಮುಂದೆ ಪುಷ್ಪಮ್ಮ ಸರ್ವಸನ್ನದ್ಧರಾಗಿದ್ದರು. ಕುಂಕುಮ ತುಂಬಿದ ಬೂದುಗುಂಬಳಕಾಯಿ, ಆರತಿ ತಟ್ಟೆ, ಎರಡು ನಿಂಬೆಹಣ್ಣು. ಕುಂಬಳಕಾಯಿಯನ್ನು ಮೂರು ಸಲ ನಿವಾಳಿಸಿ ಬೈಕಿನ ಬಲಪಕ್ಕದ ನೆಲಕ್ಕೆ ಅಪ್ಪಳಿಸಿದರು. ಆಮೇಲೆ ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, "ಈಗ ಮುಂದೆ ತಗೊಳ್ಳಿ ಅಳಿಯಂದ್ರೆ" ಅಂದರು.

ಮೇಷ್ಟ್ರು ತಗೊಂಡರು. ಮುಂದಿನ ನಿಂಬೆಹಣ್ಣು ಪಚಕ್ ಅಂತು.

"ನಿಲ್ಲಿ, ನಿಲ್ಲಿ. ಹಿಂದಿನದು ಹಾರಿ ಹೋಯ್ತು, ಒಡೀಲಿಲ್ಲ" ಅಂದರು ಅತ್ತೆ.

ಅತ್ತೆಯ ಮಾತಿಗೆ ಗೌರವ ಕೊಟ್ಟು ಮೇಷ್ಟ್ರು ತಟ್ಟನೆ ಬ್ರೇಕ್ ಹಿಡಿದರು, ಬಲಗಾಲು ಊರಿದರು. ಊರಿದ್ದು ಕುಂಬಳಕಾಯಿಯ ತಿರುಳಿನ ಮೇಲೆ. ಕಾಲು ಒಂದು ದಾರಿ ಹಿಡಿಯಿತು, ಐರಾವತ ಇನ್ನೊಂದು ದಾರಿ ಹಿಡಿಯಿತು. ಮೇಷ್ಟ್ರು ಬಿದ್ದರು ಅನ್ನುವುದು ಸರಿಯಾಗದು. ಬೈಕು ನಿಧಾನಕ್ಕೆ ಬಲ ಮಗ್ಗುಲಿಗೆ ಮಲಗಿತು, ಮೇಷ್ಟ್ರು ಒಂಟಿಗಾಲಲ್ಲಿ ಕುಪ್ಪಳಿಸಿ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಬಿಟ್ಟುಕೊಟ್ಟರು. ಮೈಗೆ ಒಂದು ತರಚುಗಾಯವೂ ಆಗಲಿಲ್ಲ. ಪ್ಯಾಂಟಿನ ತುಂಬ ಕುಂಕುಮ.

"ದೃಷ್ಟಿ ತೆಗೆದ ಮೇಲೆ ಬಿದ್ದಿದ್ದು, ಒಳ್ಳೇದೇ ಆಯ್ತು" ಅಂದರು ಪುಷ್ಪಮ್ಮ, ತಮ್ಮ ಕೆಲಸದಲ್ಲಿ ಲೋಪವಿಲ್ಲವೆಂದು ಖಚಿತಪಡಿಸುತ್ತಾ.

"ಅತ್ತೆ, ಮಂಜುಗೆ ಹೇಳ್ಬೇಡಿ. ಮಾರಿಸಿಬಿಡ್ತಾಳೆ."

ಅಳಿಯನ ಮುಖ ನೋಡಿ ಪುಷ್ಪಮ್ಮನಿಗೆ ಪಾಪ ಅನ್ನಿಸಿತು. "ಅವಳ ಬಸ್ಸು ಬರೋಕೆ ಇನ್ನೂ ಹೊತ್ತಿದೆ. ಎತ್ತಿಬಿಡಿ" ಅಂದರು, ಉರುಳಿಬಿದ್ದ ತಂಬಿಗೆ ಎತ್ತಿಬಿಡಿ ಅನ್ನುವ ಹಾಗೆ.

ಮೇಷ್ಟ್ರು ಬಗ್ಗಿ ಹ್ಯಾಂಡಲ್ ಹಿಡಿದು, ಉಸಿರು ಕಟ್ಟಿ ಎತ್ತಿದರು. ಐರಾವತ ಒಂದು ಗೇಣು ಎದ್ದು, ಯೋಚಿಸಿ, ಮತ್ತೆ ಮಲಗಿತು. ಇನ್ನೊಮ್ಮೆ ಎತ್ತಿದಾಗ ಏನೋ ಟಕ್ ಅಂತು. ಅದು ಬೈಕಿನದೋ ತಮ್ಮ ಸೊಂಟದ್ದೋ ಅವರಿಗೆ ತಿಳಿಯಲಿಲ್ಲ.

"ಕೈ ಬಿಡಿ ಅಳಿಯಂದ್ರೆ. ಲೋಡನ್ನ ಹಂಗೆಲ್ಲ ಮುಟ್ಟಬಾರದು."

ಜಗಲಿಯಿಂದ ಎದ್ದು ಬಂದವರು ಮಾವ ಪುಟ್ಟಯ್ಯ. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಖಲಾಸಿ ಗ್ಯಾಂಗಿನಲ್ಲಿದ್ದು, ಟನ್ನುಗಟ್ಟಲೆ ಕಬ್ಬಿಣವನ್ನು ಹಗ್ಗ, ಹಾರೆ, ತೋಳುಗಳಿಂದ ಎತ್ತಿಟ್ಟವರು. ಈಗ ಡಾಕ್ಟರು ಒಂದು ಬಕೆಟ್ ನೀರು ಕೂಡ ಎತ್ತಬಾರದು ಅಂದಿದ್ದಾರೆ. ಆದರೆ ಬಾಯಿಗೆ ಡಾಕ್ಟರು ಏನೂ ಹೇಳಿಲ್ಲ.

ಅವರ ದನಿ ಕೇಳಿದ್ದೇ ಎದುರುಮನೆಯ ಮುರುಗೇಶಪ್ಪ ಬಂದರು. ಅವರೂ ಅದೇ ಗ್ಯಾಂಗು. ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಾರೆ, ಒಟ್ಟಿಗೆ ವಾಕಿಂಗ್ ಹೋಗುತ್ತಾರೆ. ಆದರೆ ಹಿಂದೆ ಯಾವಾಗಲೋ ಒಂದು ದೊಡ್ಡ ಹಲ್ಲುಚಕ್ರ ಎತ್ತಿದ ದಿನ ಗ್ಯಾಂಗಿನ ಮೇಸ್ತ್ರಿ ಯಾರಾಗಿದ್ದರು ಅನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ಖಲಾಸಿಗಳ ಪದ್ಧತಿಯಲ್ಲಿ ಅದು ಸಣ್ಣ ವಿಷಯವಲ್ಲ. ಮೇಸ್ತ್ರಿ 'ಐಸಾ' ಅನ್ನುವ ತನಕ ಯಾರೂ ಎತ್ತುವಂತಿಲ್ಲ, ಅಂದ ಮೇಲೆ ಯಾರೂ ಸುಮ್ಮನಿರುವಂತಿಲ್ಲ.

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹಾಲೇಶ್ ಮತ್ತು ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದದ್ದಾಯಿತು. ಮೇಷ್ಟ್ರು ಮತ್ತು ಹಾಲೇಶ್ ಹ್ಯಾಂಡಲ್ ಕಡೆ, ಉಳಿದಿಬ್ಬರು ಹಿಂದೆ.

"ನಾನು ಮೂರು ಅಂದ್ಮೇಲೆ ಐಸಾ ಅಂತೀನಿ. ಆವಾಗ ಎತ್ತಿ" ಅಂದರು ಪುಟ್ಟಯ್ಯ. "ಒಂದು..."

"ಐಸಾ" ಅಂದರು ಮುರುಗೇಶಪ್ಪ ಹಿಂದಿನಿಂದ.

ಹಿಂದಿನವರು ಎತ್ತಿದರು. ಮುಂದಿನವರು ಎರಡಕ್ಕೆ ಕಾಯುತ್ತಿದ್ದರು. ಐರಾವತ ಮೂಗಿನ ಮೇಲೆ ಅರ್ಧ ಸುತ್ತು ಹಾಕಿ ಹಾಲೇಶನ ಚಪ್ಪಲಿಯ ಮೇಲೆ ಕೂತಿತು. ಕಾಲನ್ನು ಅವನು ಸಕಾಲಕ್ಕೆ ಹೊರಗೆ ಎಳೆದುಕೊಂಡಿದ್ದ.

"ಎಣಿಸೋದೇನು ಮಾರಾಯ, ಲೋಡೇನು ರಾಕೆಟ್ಟಾ? ಹಲ್ಲುಚಕ್ರ ಎತ್ತಿದಾಗ ನಾನು ಎಣಿಸಿದ್ನಾ?" ಅಂದರು ಮುರುಗೇಶಪ್ಪ.

"ಅವತ್ತು ನಿನ್ನನ್ನ ಮೇಸ್ತ್ರಿ ಮಾಡಿದ್ಯಾರು?"

"ಮಾವ," ಅಂದರು ಮೇಷ್ಟ್ರು ಕೈಗಡಿಯಾರ ನೋಡಿಕೊಂಡು, "ಅದನ್ನ ಆಮೇಲೆ ತೀರ್ಮಾನ ಮಾಡೋಣ. ಇಲ್ಲಿ ಬೇಕಿರೋದು ಬಲದ ದಿಕ್ಕು. ಗುರುತ್ವ ಕೇಂದ್ರ ಚಕ್ರದ ಗೆರೆ ದಾಟೋ ಹಾಗೆ..."

"ನೀವು ಸುಮ್ನಿರಿ" ಅಂದರು ಇಬ್ಬರೂ ಮೇಸ್ತ್ರಿಗಳು. ಆ ಬೆಳಗ್ಗೆ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಕೊನೆಗೆ ಇಬ್ಬರೂ ಒಟ್ಟಿಗೇ ಐಸಾ ಅನ್ನುವುದೆಂದು ಸಂಧಾನವಾಯಿತು. ಒಟ್ಟಿಗೇ ಅಂದರು. ಅಷ್ಟು ಹೊತ್ತಿನ ಸಿಟ್ಟೆಲ್ಲ ನಾಲ್ವರ ತೋಳಿಗೆ ಬಂದಿತ್ತು. ಐರಾವತ ಸರಕ್ಕನೆ ಎದ್ದಿತು, ನೆಟ್ಟಗೆ ನಿಂತಿತು, ಮೇಷ್ಟ್ರು ಹೇಳಿದ ಗೆರೆಯನ್ನು ಅಚ್ಚುಕಟ್ಟಾಗಿ ದಾಟಿತು. ಆಚೆ ಕಡೆ ಹಿಡಿಯಲು ಯಾರೂ ಇರಲಿಲ್ಲ. ಸ್ಟ್ಯಾಂಡ್ ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಈ ಸಲ ಎಡ ಮಗ್ಗುಲಿಗೆ ಮಲಗಿತು.

ಒಂದು ಸಲ ಬಿದ್ದರೆ ಮಾರುವುದು. ಎರಡು ಸಲಕ್ಕೆ ಷರತ್ತಿನಲ್ಲಿ ಏನಿತ್ತು ಅಂತ ಮೇಷ್ಟ್ರು ನೆನಪಿಸಿಕೊಳ್ಳುತ್ತಿರುವಾಗ ಪುಷ್ಪಮ್ಮ ಗೇಟಿನಿಂದ ಕೂಗಿದರು, "ಬಂದ್ಲು, ಬೀದಿ ಕೊನೇಲಿ ಬಂದ್ಲು."

ಮುಂದಿನದು ನಡೆದದ್ದು ಅರ್ಧ ನಿಮಿಷದಲ್ಲಿ. ಪುಷ್ಪಮ್ಮ ಒಳಗಿನಿಂದ ಒಂದು ಬೆಡ್‌ಶೀಟು ತಂದು ಬೈಕಿನ ಮೇಲೆ ಹಾಸಿದರು. ಅದರ ಮೇಲೆ ಒಂದು ಮೊರ ಒಣಮೆಣಸಿನಕಾಯಿ ಸುರಿದರು. ಮೆಣಸಿನಕಾಯಿಗಳು ಪೆಟ್ರೋಲ್ ಟ್ಯಾಂಕಿನ ಗುಡ್ಡದಿಂದ ಉರುಳಿ ರಸ್ತೆಗೆ ಬರತೊಡಗಿದವು. ಪುಟ್ಟಯ್ಯ ಪೇಪರ್ ಬಿಡಿಸಿಕೊಂಡರು. ಮುರುಗೇಶಪ್ಪ ಆಕಾಶ ನೋಡಿದರು.

ಮಂಜುಶ್ರೀ ಬಂದು ನಿಂತರು. ಬೆಡ್‌ಶೀಟು ನೋಡಿದರು, ಗಂಡನ ಪ್ಯಾಂಟು ನೋಡಿದರು.

"ಅಮ್ಮ, ಇದೇನು ರಸ್ತೆ ಮಧ್ಯ?"

"ಮೆಣಸಿನಕಾಯಿ. ಇಲ್ಲಿ ಬಿಸಿಲು ಚೆನ್ನಾಗಿದೆ ಕಣೆ."

"ಮೆಣಸಿನಕಾಯಿಗೆ ಕನ್ನಡಿ ಯಾವಾಗಿಂದ ಇಟ್ಟಿದ್ದೀಯ?"

ಬೆಡ್‌ಶೀಟಿನ ಅಂಚಿನಿಂದ ಐರಾವತದ ಒಂದು ಕನ್ನಡಿ ಹೊರಗೆ ಇಣುಕುತ್ತಿತ್ತು. ಮಂಜುಶ್ರೀ ಬೆಡ್‌ಶೀಟು ಎಳೆದರು. ಮೇಷ್ಟ್ರಿಗೆ ನಿದಿಗೆಯ ಆ ರಸ್ತೆ ಕಣ್ಣ ಮುಂದೆ ಬಂತು. ಹೆದ್ದಾರಿಯಲ್ಲಿ ಒಂದೇ ದಿನ ಓಡಿಸಿದ್ದು, ಅದೂ ಒಂದೇ ದಿಕ್ಕಿನಲ್ಲಿ.

"ಪೆಟ್ರೋಲ್ ವಾಸನೆ ಬರ್ತಿದೆ. ಕೀ ಆಫ್ ಮಾಡಿದ್ದೀರಾ?"

ಮಾಡಿರಲಿಲ್ಲ. ಮಂಜುಶ್ರೀ ಬ್ಯಾಗನ್ನು ಗಂಡನ ಕೈಗೆ ಕೊಟ್ಟು, ಬಗ್ಗಿ ಕೀ ತಿರುಗಿಸಿದರು. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೈಕಿಗೆ ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕೂತು ಸೀಟಿನ ಅಂಚಿಗೆ ಸೊಂಟ ಆನಿಸಿದರು. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಹಿಂದಿನ ಕಂಬಿಗೆ. ಆಮೇಲೆ ಸಣ್ಣ ಸಣ್ಣ ಹೆಜ್ಜೆಯಿಡುತ್ತಾ ಹಿಂದಕ್ಕೆ ನಡೆದರು. ಐರಾವತ ಅವರ ಬೆನ್ನ ಹಿಂದೆ ತಕರಾರಿಲ್ಲದೆ ಎದ್ದು ನಿಂತಿತು. ಕಾಲಿನಿಂದಲೇ ಸ್ಟ್ಯಾಂಡ್ ಹಾಕಿ ಅದನ್ನು ಒರಗಿಸಿದರು. ಐಸಾ ಅನ್ನುವುದಕ್ಕೆ ಯಾವ ಮೇಸ್ತ್ರಿಗೂ ಸಮಯ ಸಿಗಲಿಲ್ಲ.

"ತೋಳಲ್ಲಿ ಎತ್ತೋದಲ್ಲ, ಕಾಲಲ್ಲಿ ಎತ್ತೋದು. ಅಕ್ಕಿ ಮೂಟೆ ಇಟ್ಕೊಂಡು ನಾನೇ ಹೇಳಿಕೊಟ್ಟಿದ್ದು" ಅಂದರು ಪುಟ್ಟಯ್ಯ ಹೆಮ್ಮೆಯಿಂದ. ಆಮೇಲೆ ಕಣ್ಣು ಕಿರಿದು ಮಾಡಿದರು. "ಆದ್ರೆ ಮಂಜು, ಇದು ಮೊದಲನೇ ಸಲ ಎತ್ತಿದ್ದಲ್ಲ. ಎಲ್ಲಿ ಹಿಡೀಬೇಕು ಅಂತ ನೀನು ಹುಡುಕಲೇ ಇಲ್ಲ. ಎಷ್ಟನೇದು?"

ಮಂಜುಶ್ರೀ ಸೆರಗು ಸರಿಮಾಡಿಕೊಂಡರು. ಅಪ್ಪನ ಎದುರು ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ನಾಲ್ಕನೇದು."

"ನಾಲ್ಕು?" ಅಂದರು ಮೇಷ್ಟ್ರು.

"ಬುಧವಾರ ಒಂದು ಸಲ, ಗುರುವಾರ ಎರಡು ಸಲ. ನೀವು ಕಾಲೇಜಿಗೆ ಹೋದ್ಮೇಲೆ ದಿನಾ ಓಡಿಸ್ತಿದ್ದೆ ಕಣ್ರೀ. ಹುಡುಗಿಯಾಗಿದ್ದಾಗ ಅಪ್ಪನ ಬೈಕು ಓಡಿಸ್ತಿದ್ದೆ, ಲೈಸೆನ್ಸೂ ಇದೆ. ನೀವು ಯಾವತ್ತೂ ಕೇಳ್ಲಿಲ್ಲ. ಕವರ್ ತೆಗೆದು ನೋಡಿದೆ, ಆಸೆ ತಡೆಯೋಕಾಗ್ಲಿಲ್ಲ. ಗುರುವಾರ ಬಿದ್ದಾಗ ಹ್ಯಾಂಡಲ್ ಗೀರಾಯ್ತು. ನಿಮಗೆ ಗೊತ್ತಾದ್ರೆ ನನ್ನ ಮಾತೇ ನನಗೆ ತಿರುಗಿಸಿ, ಮಾರಿಬಿಡ್ತೀರೇನೋ ಅಂತ ಭಯ. ಮಾರನೇ ದಿನ ನೋಡಿದ್ರೆ ಗೀರೇ ಇಲ್ಲ. ದೇವರೇ ಕಾಪಾಡಿದ ಅಂದ್ಕೊಂಡೆ."

"ದೇವರಲ್ಲ, ಮಾರ್ಕರ್ ಪೆನ್ನು" ಅಂದರು ಮೇಷ್ಟ್ರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಷರತ್ತಿಗೆ ಹೆದರಿ ಒಂದೇ ಮನೆಯಲ್ಲಿ ಇಬ್ಬರು ಕಳ್ಳರು. ಮೊದಲು ನಗು ಬಂದದ್ದು ಮಂಜುಶ್ರೀಗೆ. ಮೇಷ್ಟ್ರಿಗೆ ಎದೆ ಹಗುರಾಗಿ, ಗೇಟಿನ ಕಲ್ಲಿನ ಮೇಲೆ ಕೂತುಬಿಟ್ಟರು. ಷರತ್ತು ಅಲ್ಲೇ ರದ್ದಾಯಿತು. ಐರಾವತ ಮನೆಯಲ್ಲೇ ಉಳಿಯುತ್ತದೆ.

"ಹಂಗಾದ್ರೆ ಗಾಡಿ ಯಾರದ್ದು?" ಕೇಳಿದರು ಮುರುಗೇಶಪ್ಪ.

"ಗ್ಯಾಂಗಿನ ಪದ್ಧತಿ ಒಂದೇ ಮಾರಾಯ," ಅಂದರು ಪುಟ್ಟಯ್ಯ. "ಲೋಡು ಎತ್ತಿದವರು ಮುಂದೆ. ಎತ್ತೋಕಾಗದೇ ಇದ್ದವರು ಸಾಮಾನು ಹಿಡ್ಕೊಂಡು ಹಿಂದೆ."

ಈ ಮಾತಿಗೆ ಮುರುಗೇಶಪ್ಪ ತಲೆಯಾಡಿಸಿದರು. ಇಬ್ಬರು ಮೇಸ್ತ್ರಿಗಳು ಒಪ್ಪಿದ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಊಟ ಮಾಡಿ ಹೊರಟಾಗ ಮಂಜುಶ್ರೀ ಮುಂದೆ, ಮೇಷ್ಟ್ರು ಹಿಂದೆ. ಮಡಿಲಲ್ಲಿ ಪುಷ್ಪಮ್ಮ ಮಜ್ಜಿಗೆ ಹುಳಿಗೆಂದು ಕೊಟ್ಟ ಇನ್ನೊಂದು ಬೂದುಗುಂಬಳಕಾಯಿ. ನಿದಿಗೆಯಲ್ಲಿ ಮೇಷ್ಟ್ರದೇ ಇಬ್ಬರು ಶಿಷ್ಯರು ಬೈಕಿನಲ್ಲಿ ಮುಂದೆ ಹೋಗುತ್ತಿದ್ದರು. ಮಂಜುಶ್ರೀ ಅವರನ್ನು ಹಿಂದೆ ಹಾಕಿದರು. "ನಮಸ್ಕಾರ ಸಾರ್" ಅಂದವರಿಗೆ ಮೇಷ್ಟ್ರು ಕೈ ಎತ್ತಲಾಗಲಿಲ್ಲ, ಕುಂಬಳಕಾಯಿ ಇತ್ತು. ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಹಿಂದಿನ ಸೀಟು ಅವರಿಗೆ ಬಹಳ ಹಿತವಾಗಿತ್ತು. ಅಲ್ಲಿ ಕೂತವರು ಕಾಲು ಊರಬೇಕಾಗಿರಲಿಲ್ಲ.

ಮನೆ ಮುಂದೆ ಬೈಕು ನಿಂತಿತು. "ಇಳೀರಿ, ಸ್ಟ್ಯಾಂಡ್ ಹಾಕ್ತೀನಿ" ಅಂದರು ಮಂಜುಶ್ರೀ. ಮೇಷ್ಟ್ರು ಘನತೆಯಿಂದ ಕಾಲೆತ್ತಿ ಇಳಿದರು. ಇಳಿಯುವಾಗ ಕುಂಬಳಕಾಯಿ ಕೈಜಾರಿ ಅವರ ಕಾಲ ಬುಡದಲ್ಲೇ ಬಿದ್ದು ನಾಲ್ಕು ಹೋಳಾಯಿತು.

ಮಂಜುಶ್ರೀ ನೋಡಿದರು. ಐರಾವತವನ್ನು ಸ್ಟ್ಯಾಂಡಿಗೆ ಒರಗಿಸಿ, ಈ ಕಡೆಗೆ ಬಂದು ಗಂಡನತ್ತ ಕೈ ಚಾಚಿದರು.

"ಅಲ್ಲೇ ನಿಂತ್ಕೊಳ್ಳಿ, ಕಾಲು ಅಲ್ಲಾಡಿಸ್ಬೇಡಿ. ಬೈಕಾದ್ರೆ ಎತ್ತಬಹುದು, ನಿಮ್ಮನ್ನ ಹೆಂಗೆ ಎತ್ತೋದು ಅಂತ ಅಪ್ಪ ಹೇಳಿಕೊಟ್ಟಿಲ್ಲ."

ಮೇಷ್ಟ್ರು ಆ ಕೈ ಹಿಡಿದುಕೊಂಡು, ಹೆಂಡತಿ ತೋರಿಸಿದ ಜಾಗದಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಮನೆಯೊಳಗೆ ಹೋದರು.