ಮಂಜಿನಲ್ಲಿ ಹನ್ನೊಂದು ಜನ

ಲಿಫ್ಟಿನ ಜೊತೆ ಮಾತಿಗಿಳಿದ ದಿನ ಅವಳಿಗೆ ತನ್ನ ಬಗ್ಗೆಯೇ ಗಾಬರಿಯಾಯಿತು.

ಪರದೇಶಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಹೊರಡುವ ಮೊದಲು, ಬಸುರಿಯ ವಾಂತಿಯ ನಡುವೆಯೂ ಹಟ ಹಿಡಿದು ಈ ಊರಿನ ಭಾಷೆ ಕಲಿತಿದ್ದಳು. ಈಗ ಅದನ್ನು ಆಡೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಗಂಡನೆಂಬ ಮಹಾಶಯ ಗಾಜಿನ ಕಾರ್ಖಾನೆಯಲ್ಲಿ ಬಿರುಕು ಹುಡುಕುವ ಕೆಲಸದವನು; ಮನೆಗೆ ಬಂದರೆ "ಹೂಂ" ಎಂಬ ಏಕಾಕ್ಷರಿ ಮಂತ್ರ. ಏಳು ತಿಂಗಳ ಮಗಳಿಗೆ ಅಷ್ಟೂ ಬಾರದು.

"ಇವತ್ತು ಲಿಫ್ಟು 'ಬಾಗಿಲು ಮುಚ್ಚುತ್ತಿದೆ' ಅಂತು. ನಾನು 'ಆಗಲಮ್ಮ, ಹೋಗ್ಬಾ' ಅಂದೆ," ಎಂದಳು ಬಡಿಸುತ್ತಾ.

"ಹೂಂ."

"ಹೂಂ ಅಲ್ಲರೀ. ಹೀಗೇ ಆದ್ರೆ ನಾಳೆ ಅದು 'ಹೇಗಿದ್ದೀಯಾ' ಅಂತಾನೂ ಕೇಳತ್ತೆ."

"ಏನಾದ್ರೂ ಹವ್ಯಾಸ ಇಟ್ಕೋ. ಮೈ ಬಗ್ಗೋ ಅಂಥದ್ದು. ನಾಲ್ಕು ಜನ ಸಿಗ್ತಾರೆ."

"ದಿನಕ್ಕೆ ನಲವತ್ತು ಸಲ ನಿಮ್ಮ ಮಗಳ ಗಿಲಕಿ ಎತ್ಕೊಡ್ತೀನಲ್ಲ, ಅದಕ್ಕೆ ಬಗ್ಗೋದು ಯಾರ ಮೈ?"

ಆದರೂ ಮಾತು ತಲೆಯಲ್ಲಿ ಕೂತಿತು. ಮರುದಿನ ಬೆಳಿಗ್ಗೆ ಆರೂವರೆಗೆ, ಮಗಳನ್ನು ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಉದ್ಯಾನದ ಗಡಿಯಾರದ ಕಂಬದ ಬಳಿ ನಿಂತಳು. (ನಡಿಗೆಯೆಂಬ ಮಹಾಕ್ರೀಡೆಗೆ ಬೇಕಾದ ಸಲಕರಣೆ ಎರಡು ಕಾಲು, ಅವು ಮನೆಯಲ್ಲೇ ಇದ್ದವು.) ಮಂಜು ಎಷ್ಟು ದಟ್ಟವೆಂದರೆ, ಚಾಚಿದ ಕೈ ತನ್ನದೇ ಎಂದು ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಬೇಕು.

ಮೊದಲ ದಿನ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ನಿಂತಳು, ಅದೂ ನಿಂತಿತು. ಎರಡನೆಯ ದಿನ ತಿರುಗಿ ನೋಡಿದರೆ ಬೂದು ಆಕೃತಿಗಳು, ಒಂದರ ಹಿಂದೊಂದು, ತುಟಿಪಿಟಕ್ಕೆನ್ನದೆ. ಎಣಿಸಿದಳು. ಹನ್ನೊಂದು. ಮಗಳು ಅತ್ತಳೆಂದು ಮೊಣಕಾಲು ಮಡಿಸಿ, ಎದ್ದು, ಎಡಕ್ಕೂ ಬಲಕ್ಕೂ ತೂಗಿದಳು. ಮಂಜಿನೊಳಗೆ ಹನ್ನೊಂದು ಜನವೂ ಮಡಿಸಿ, ಎದ್ದು, ಎಡಕ್ಕೂ ಬಲಕ್ಕೂ ತೂಗಿದರು. ಬಿದ್ದ ಗಿಲಕಿಯನ್ನು ಬಗ್ಗಿ ಎತ್ತಿಕೊಂಡಳು. ಅವರೂ ಬಗ್ಗಿ, ನೆಲದ ಮೇಲೆ ಇಲ್ಲದ್ದೇನನ್ನೋ ಎತ್ತಿಕೊಂಡರು.

"ಅವರ ಪಾದ ಹಿಂದುಮುಂದಾಗಿತ್ತಾ ಅಂತ ನೋಡ್ಬೇಕಿತ್ತು ರೀ. ಎಲ್ರೂ ಬೂಟು ಹಾಕಿದ್ರು."

"ಬೂಟು ಹಾಕೋ ದೆವ್ವ ಒಳ್ಳೇ ಮನೆತನದ್ದೇ ಇರ್ಬೇಕು. ನಾಳೆ ಮಾತಾಡ್ಸು."

ಬುದ್ಧಿಯಿದ್ದವಳು ಮನೆಯಲ್ಲೇ ಇರುತ್ತಿದ್ದಳು. ಆದರೆ ನಾಲ್ಕು ತಿಂಗಳ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ದೆವ್ವವಾದರೂ ಸರಿ, ಕಿವಿಯಿದ್ದರೆ ಸಾಕು.

ಮೂರನೆಯ ದಿನ ಹನ್ನೊಂದು ಜನರ ಎದೆಯ ಮೇಲೂ ಒಂದೊಂದು ಗಂಟು. ಬಟ್ಟೆ ಸುತ್ತಿ, ಅವಳ ಜೋಳಿಗೆಯಂತೆಯೇ ಕಟ್ಟಿದ್ದು. ಅವಳು ಮಗಳ ಬೆನ್ನು ತಟ್ಟಿದಳು. ಹನ್ನೊಂದು ಕೈಗಳು ಹನ್ನೊಂದು ಗಂಟುಗಳನ್ನು ಮೆತ್ತಗೆ ತಟ್ಟಿದವು.

ಕಲಿತ ಭಾಷೆಯೆಲ್ಲ ಹಾರಿಹೋಗಿ ಕಾಲು ಮಾತ್ರ ಉಳಿದವು. ಓಡಿದಳು. ಹಿಂದೆ ಇಪ್ಪತ್ತೆರಡು ಬೂಟುಗಳೂ ಓಡಿ ಬಂದವು. ಕೊಳದ ಕಂಬಿಬೇಲಿ ಅಡ್ಡ ಬಂದಾಗ ಮಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡು ತಿರುಗಿದಳು. ಮುಂದಿದ್ದ ಆಕೃತಿ ಏದುಸಿರು ಬಿಡುತ್ತಾ ತನ್ನ ಗಂಟು ಬಿಚ್ಚಿತು. ಒಳಗಿದ್ದದ್ದು ಆಲೂಗಡ್ಡೆ.

"ಐದು ಕಿಲೋ ಇದೆ. ಸಾಲದಾ, ಟೀಚರ್?" ಎಂದಳು, ಎಪ್ಪತ್ತು ದಾಟಿದ ಅಜ್ಜಿ. "ನಮ್ಮ ಹತ್ರ ಮಗು ಇಲ್ವಲ್ಲ, ಅದಕ್ಕೆ ಇದು."

"ನಾನು ಟೀಚರಲ್ಲ." ಆ ಊರಿನ ಭಾಷೆಯಲ್ಲಿ ಅವಳು ಮನುಷ್ಯರೊಬ್ಬರಿಗೆ ಆಡಿದ ಮೊದಲ ವಾಕ್ಯ ಅದು.

"ಗೊತ್ತು. ವ್ಯಾಯಾಮ ಹೇಳ್ಕೊಡೋರು ಕಂಬದ ಹತ್ರ ಆರೂವರೆಗೆ ಬರ್ತಾರೆ ಅಂದಿದ್ರು, ನೀವು ನಿಂತಿದ್ರಿ, ಹಿಂದೆ ಬಂದ್ವಿ. ನಿಜವಾದಾಕೆ ನಿನ್ನೆ ಬಂದ್ಲು, ನೀವು ಹೋದ್ಮೇಲೆ. ವಾಪಸ್ ಕಳಿಸಿದ್ವಿ."

"ಯಾಕೆ?"

"ಬಾಯಿ ತೆರೆದ್ರೆ ಮುಚ್ಚಲ್ಲ ಆಕೆ. ನಾವು ಹನ್ನೊಂದು ಜನವೂ ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಊರಿನವರ ಮಾತು ಕೇಳಿದವ್ರು. ಸಾಕಾಗಿದೆ. ನೀವು ಮೂರು ದಿನದಲ್ಲಿ ಒಂದಕ್ಷರ ಆಡ್ಲಿಲ್ಲ. ಇಂಥವರು ಎಲ್ಲಿ ಸಿಗ್ತಾರೆ ಹೇಳಿ." ಅಜ್ಜಿ ಅವಳ ಕೈ ಹಿಡಿದುಕೊಂಡಳು, ಬೆಚ್ಚಗಿತ್ತು. "ದಿನಾ ಬನ್ನಿ. ಹೀಗೇ ಇರಿ."

ಮಗಳ ಮೊದಲ ಹಲ್ಲು, ಈ ಊರಿನ ಚಳಿ, ಕಾರ್ಖಾನೆಯ ಬಿರುಕು, ಎಲ್ಲವೂ ಅವಳ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಬಾಯಿ ತೆರೆದಳು. ಹನ್ನೊಂದು ಮುಖಗಳು ಒಟ್ಟಿಗೆ ಬಾಡಿದವು.

ನಾಲ್ಕು ತಿಂಗಳ ಮಾತನ್ನು ಒಂದೇ ಗುಟುಕಿಗೆ ನುಂಗಿ ಅವಳು ಗಂಭೀರವಾಗಿ ತಲೆಯಾಡಿಸಿದಳು. ಹನ್ನೊಂದು ಮುಖಗಳೂ ಅರಳಿದವು. ಅವಳನ್ನು ಕಂಡು ಆ ಊರಿನಲ್ಲಿ ಯಾರಾದರೂ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.