ನೆಲ ನಡುಗಿದರೆ ಮೇಡಂಗೆ ಗೊತ್ತು

ಭೂಕಂಪ ಅಳೆಯುವ ಕಚೇರಿಯಲ್ಲಿದ್ದೆ ಅಂದರೆ ಜನ ಗಾಬರಿಯಾಗುತ್ತಾರೆ. ಅಲ್ಲಿ ನಾನು ಗಾಬರಿಪಟ್ಟದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಎಪ್ಪತ್ತರ ದಶಕದ ಮಾತು. ಕೆಂಗೇರಿಯಾಚೆ ಒಂದು ಹಳ್ಳಿಯಂಚಿನ ಹೊಲಗಳ ನಡುವೆ, ಬಂಡೆ ಕೊರೆದು ಮಾಡಿದ ನೆಲಮಾಳಿಗೆಯಲ್ಲಿ ನಮ್ಮ ಯಂತ್ರ ಇತ್ತು. ನೆಲ ಕೊಂಚ ಅಲುಗಿದರೂ ಮೇಲಿನ ಕೋಣೆಯಲ್ಲಿ ಸುತ್ತುವ ಕಾಗದದ ಮೇಲೆ ಮುಳ್ಳು ಗೀಚುತ್ತಿತ್ತು. ಕಾಗದ ಬದಲಿಸುವುದು ನನ್ನ ಕೆಲಸ, ಅದನ್ನು ಓದುವುದು ಕೇಂದ್ರದ ವಿಜ್ಞಾನಿಯಾಗಿದ್ದ ನಮ್ಮ ಮೇಡಂ ಕೆಲಸ.

ಮೇಡಂ ರಾಜಾಜಿನಗರದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ಇಂಥ ಗಟ್ಟಿ ಬಂಡೆ ಹುಡುಕಲು ವರ್ಷಗಟ್ಟಲೆ ಊರೂರು ಅಲೆದವರು. ಆದರೆ ಮುಳ್ಳಿಗೆ ಭೂಕಂಪವೂ ಒಂದೇ, ಊರಿನ ಗದ್ದಲವೂ ಒಂದೇ. ಗದ್ದಲ ಹೀಗೇ ಇದ್ದರೆ ಕೇಂದ್ರ ಮುಚ್ಚಿಬಿಡುತ್ತೇವೆ ಎಂದು ದೆಹಲಿಯ ಮೇಲಧಿಕಾರಿಗಳು ಆಗಾಗ ಹೇಳಿ ಕಳಿಸುತ್ತಿದ್ದರು. ಆ ಮಾತು ಬಂದ ದಿನ ಮೇಡಂ ಡಬ್ಬಿಯ ಊಟ ಹಾಗೇ ಉಳಿಯುತ್ತಿತ್ತು.

ಕೊಂಬಿನ ಭೂಕಂಪ

ಒಂದು ಬೆಳಿಗ್ಗೆ ನೋಡುತ್ತೇನೆ, ಕಾಗದದ ತುಂಬಾ ಗೀಚು. ಹಿಮಾಲಯವೇ ಜರುಗಿತು ಅಂದುಕೊಂಡು ಕಾಗದ ಹಿಡಿದು ಓಡಿದೆ. ಮೇಡಂ ಕನ್ನಡಕ ಏರಿಸಿ ನೋಡಿದರು.

"ಭೂಮಿಯೊಳಗಿಂದ ಬಂದದ್ದಾದರೆ ಮೊದಲು ಸಣ್ಣ ಅಲೆ, ಆಮೇಲೆ ದೊಡ್ಡದು, ಆಮೇಲೆ ನಿಧಾನವಾಗಿ ಇಳಿಯುತ್ತೆ. ಇದು ಮನಸ್ಸು ಬಂದಾಗ ಶುರುವಾಗುತ್ತೆ, ಸಾಕು ಅನ್ನಿಸಿದಾಗ ನಿಲ್ಲುತ್ತೆ. ಇದಕ್ಕೆ ಕೊಂಬಿದೆ ಕಣಪ್ಪ, ಹೋಗಿ ನೋಡು."

ಹೋಗಿ ನೋಡಿದರೆ, ಪಕ್ಕದ ಹೊಲದ ಎಮ್ಮೆ ನೆಲಮಾಳಿಗೆಯ ಗಾಳಿಕೊಳವೆಗೆ ಬೆನ್ನು ಉಜ್ಜುತ್ತಾ ಕಣ್ಣು ಮುಚ್ಚಿಕೊಂಡು ನಿಂತಿತ್ತು. ಬೇಲಿ ಹಾಕಿಸಿದೆವು. ಎಮ್ಮೆ ಬಹಳ ದಿನ ನನ್ನ ಮುಖ ನೋಡಲಿಲ್ಲ.

ಆಯುಧಪೂಜೆ

ಹಬ್ಬಕ್ಕೆ ಎಲ್ಲ ಯಂತ್ರಗಳಿಗೂ ರಜ, ನಮ್ಮದಕ್ಕೆ ಮಾತ್ರ ಇಲ್ಲ. ಓಡುತ್ತಿರುವಾಗಲೇ ಪೆಟ್ಟಿಗೆಗೆ ಕುಂಕುಮ ಇಟ್ಟು ಹಾರ ಹಾಕಿದೆವು. ಅಷ್ಟಕ್ಕೆ ನಮ್ಮ ಕಾವಲುಗಾರನಿಗೆ ಸಮಾಧಾನವಾಗಲಿಲ್ಲ. ಕೇಂದ್ರ ಮುಚ್ಚುವ ಮಾತು ಬಂದದ್ದೇ ಕೆಟ್ಟ ದೃಷ್ಟಿಯಿಂದ ಎಂಬುದು ಅವನ ನಂಬಿಕೆ. ನೆಲಮಾಳಿಗೆಯ ಬಾಗಿಲಲ್ಲೇ ನಿಂತು ಬೂದುಗುಂಬಳವನ್ನು ತಲೆಯ ಮೇಲೆತ್ತಿ ಅಪ್ಪಳಿಸಿದ.

ಮರುದಿನ ಬಂದ ಮೇಡಂ ಕಾಗದ ನೋಡಿದವರೇ, ಕುಂಬಳಕಾಯಿ ಒಡೆದವರು ಯಾರು ಎಂದು ಕೇಳಿದರು. ನಾನು ಬೆಪ್ಪಾದೆ. ಹಬ್ಬದ ದಿನ, ಬಾಗಿಲ ಬುಡದಲ್ಲೇ, ಒಂದೇ ಏಟು, ಇನ್ನೇನಿರುತ್ತೆ ಅಂದರು. ಕಾವಲುಗಾರ ಮಾತ್ರ ಭಕ್ತಿಯಿಂದ ಕೈಮುಗಿದ.

"ದೃಷ್ಟಿ ಪೂರ್ತಿ ಹೋಯ್ತಾ ಇಲ್ವಾ, ಅದೂ ಕಾಗದದಲ್ಲಿ ಬಂದಿದೆಯಾ ಮೇಡಂ?"

ಬೀಸುವವರು

ನಮ್ಮ ಗೋಡೆಗೆ ಅಂಟಿದಂತೆ ಒಬ್ಬ ಅಜ್ಜಿಯ ಮನೆ. ಬೆಳಿಗ್ಗೆ ಬೆಳಿಗ್ಗೆ ಅವರು ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದರೆ ನಮ್ಮ ಮುಳ್ಳು ಕುಣಿಯುತ್ತಿತ್ತು. ಕಲ್ಲನ್ನು ಹಿತ್ತಿಲಿಗೆ ಸಾಗಿಸಿ ಎಂದು ಕೇಳಲು ಮೇಡಂ ಹೊರಟಾಗ, ಜಗಳವಾದರೆ ಬಿಡಿಸೋಣ ಎಂದು ನಾನೂ ಹಿಂದೆ ಹೋದೆ. ಮೇಡಂ ಏನೂ ಹೇಳದೆ ಅಜ್ಜಿಯ ಎದುರು ಕೂತು, ಗೂಟ ಹಿಡಿದು ತಾವೂ ಬೀಸತೊಡಗಿದರು.

ಬೀಸುತ್ತಲೇ ವಿವರಿಸಿದರು. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಹಾಸುಗಳಾಗಿ ಒಡೆದಿದೆ, ಅವು ಒಂದನ್ನೊಂದು ತಳ್ಳುತ್ತಾ ಎಲ್ಲೋ ಸಿಕ್ಕಿಕೊಂಡು ನಿಲ್ಲುತ್ತವೆ, ಒತ್ತಡ ತಡೆಯಲಾರದೆ ಜಾರಿದಾಗ ಬರುವ ನಡುಕ ಇಲ್ಲಿಯವರೆಗೂ ಮುಟ್ಟುತ್ತದೆ. ಆ ನಡುಕದಿಂದಲೇ ಹಾಸುಗಳು ಎಲ್ಲಿ ಉಜ್ಜಿಕೊಳ್ಳುತ್ತಿವೆ ಎಂದು ತಿಳಿಯುವುದು. ಅಜ್ಜಿ ಪೂರ್ತಿ ಕೇಳಿ, ಅಷ್ಟು ದೊಡ್ಡ ಕಲ್ಲನ್ನು ಕೆಳಗೆ ಕೂತು ತಳ್ಳೋರು ಯಾರು ತಾಯಿ ಎಂದರು.

ಒಳಗಿನ ಬಿಸಿ ಇರಬಹುದು, ಪೂರ್ತಿ ಗೊತ್ತಿಲ್ಲ ಎಂದು ಮೇಡಂ ಒಪ್ಪಿಕೊಂಡರು. ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ. ಅಜ್ಜಿ ಅಂದೇ ಕಲ್ಲು ಸಾಗಿಸಿದರು. "ಪಾಪ, ಇಷ್ಟು ಓದಿದ್ರೂ ಗೊತ್ತಾಗಿಲ್ಲ, ನಾವು ಅಡ್ಡ ಬರಬಾರದು" ಅಂದರು.

ಊರು ಉಸಿರು ಹಿಡಿದದ್ದು

ಕೊನೆಗೆ ದೆಹಲಿಯ ಅಧಿಕಾರಿಯೇ ಬಂದರು. ಕೇಂದ್ರ ಇರಬೇಕೋ ಮುಚ್ಚಬೇಕೋ ಅಂದೇ ತೀರ್ಮಾನ. ಬೆಳಗಿನ ಹೊತ್ತು ಕೊಂಚ ಸದ್ದು ಕಡಿಮೆ ಮಾಡಿ ಎಂದು ಮೇಡಂ ಮನೆಮನೆಗೆ ಹೋಗಿ ಕೇಳಿಕೊಂಡಿದ್ದರು. ಊರು ಆ ಮಾತನ್ನು ಮಿತಿಮೀರಿ ನಡೆಸಿತು. ಹಿಟ್ಟಿನ ಗಿರಣಿ ನಿಂತಿತು, ಎತ್ತುಗಳು ಕೊಟ್ಟಿಗೆ ಬಿಡಲಿಲ್ಲ, ಅಂಚೆಯವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದ.

ಅಧಿಕಾರಿ ನೋಡುತ್ತಾರೆ, ಕಾಗದದ ಮೇಲೆ ನೆಟ್ಟನೆಯ ಗೆರೆ. ಯಂತ್ರ ಸತ್ತಿದೆಯಲ್ಲ ಎಂದರು. ಮೇಡಂ ಮುಖ ಬಾಡಿತು. ಅಷ್ಟರಲ್ಲಿ ಮುಳ್ಳು ಸಣ್ಣಗೆ ಅದುರಿತು. ಇದೇ ನೋಡಿ ಗದ್ದಲ, ಹೊರಗೆ ಯಾರೋ ಕುಟ್ಟುತ್ತಿದ್ದಾರೆ, ನಿಲ್ಲಿಸಿ ಎಂದು ಅಧಿಕಾರಿ ಸಿಡುಕಿದರು. ನಾನು ಹೊರಗೆ ಓಡಿದೆ. ಇಡೀ ಊರು ಜಗಲಿಗಳ ಮೇಲೆ ಕೈಕಟ್ಟಿ ಕೂತಿತ್ತು.

"ನಾವ್ಯಾರೂ ಅಲ್ಲ ಕಣಪ್ಪ," ಅಂದರು ಅಜ್ಜಿ, ಪಿಸುಮಾತಿನಲ್ಲಿ.

ವಾಪಸು ಬರುವಷ್ಟರಲ್ಲಿ ಮುಳ್ಳು ಅಗಲವಾಗಿ ಬೀಸುತ್ತಿತ್ತು. ಮೇಡಂ ಎರಡು ಅಲೆಗಳ ನಡುವಿನ ಅಂತರ ಅಳೆದು, ಇದು ಬಹಳ ದೂರದ್ದು, ಪೂರ್ವದ ಸಮುದ್ರದಡಿ ಒಂದು ಹಾಸು ಇನ್ನೊಂದರ ಕೆಳಗೆ ಜಾರಿದೆ ಎಂದರು. ಅಲ್ಲಿ ಜನ ಇಲ್ಲದಿರಲಿ ಎಂದು ಮೆಲ್ಲಗೆ ಸೇರಿಸಿದರು. ನನಗೆ ಕಣ್ಣು ತುಂಬಿ ಬಂತು. ಸಂಜೆ ರೇಡಿಯೋದಲ್ಲಿ ಅದೇ ಸುದ್ದಿ ಬಂತು, ಯಾರಿಗೂ ಏನೂ ಆಗಿರಲಿಲ್ಲ.

ರೇಡಿಯೋ ಕೇಳಿದ ಅಧಿಕಾರಿ ಎದ್ದು ನಿಂತು ಮೇಡಂಗೆ ನಮಸ್ಕಾರ ಮಾಡಿದರು. ಕೇಂದ್ರ ಉಳಿಯಿತು. ಇಷ್ಟು ಶಾಂತವಾದ ಊರು ದೇಶದಲ್ಲೇ ಇಲ್ಲ, ಇನ್ನೊಂದು ಯಂತ್ರವನ್ನೂ ಇಲ್ಲಿಗೇ ಕಳಿಸುತ್ತೇನೆ ಎಂದು ಹೇಳಿ ಕಾರು ಹತ್ತಿದರು. ಮೇಡಂ ಹಿಗ್ಗಿನಿಂದ ಓಡಿಹೋಗಿ ಸಂಜೆಯಾದರೂ ಜಗಲಿಯಲ್ಲೇ ಕೈಕಟ್ಟಿ ಕೂತಿದ್ದವರಿಗೆ ಅದನ್ನು ತಿಳಿಸಿದರು. ಯಾರೂ ನಗಲಿಲ್ಲ. ಅಜ್ಜಿ ನಿಧಾನವಾಗಿ ಕೈಬಿಚ್ಚಿದರು.

"ಒಂದು ಮಿಷನ್ನಿಗೇ ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ. ಎರಡನೇದೂ ಬಂದ್ರೆ ನಾವು ಉಸಿರಾಡೋದು ಯಾವಾಗ ತಾಯಿ?"