ನಾನು ಕೆತ್ತಿದ ಕಡಲಾನೆ

ಕಡಲು ದಡಕ್ಕೆ ತಂದು ಹಾಕಿದ ಮರಕ್ಕೆ ಯಜಮಾನರು ಇರುವುದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಹಾಗಾಗಿ ಕೊಚ್ಚಿ ಪಕ್ಕದ ಕಳಮಶ್ಶೇರಿಯ ನಮ್ಮ ಫ್ಲ್ಯಾಟಿನವರೆಲ್ಲ ಸೇರಿ ಓಣಂ ಹಬ್ಬಕ್ಕೆ ಇಂಥ ಮರಗಳಿಂದ ಶಿಲ್ಪ ಮಾಡೋಣ ಎಂದಾಗ, ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯಾದ ನಾನೇ ಮೊದಲು ಕೈ ಎತ್ತಿದೆ.

ಭಾನುವಾರ ಬೆಳಿಗ್ಗೆ ವೈಪಿನ್ ತೀರಕ್ಕೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಮರಳ ಮೇಲೆ ಮಂಚದುದ್ದದ ದಿಮ್ಮಿ! ನಡುವೆ ನುಣುಪಾದ ತಗ್ಗು, ಒಂದು ತುದಿಯಲ್ಲಿ ಎತ್ತರದ ಗೂಟ.

"ರೀ, ಇದು ಯಾರದೋ ಇದ್ದಂಗಿದೆ," ಎಂದಳು ಹೆಂಡತಿ ಸುಮ.

"ಸಮುದ್ರದ್ದು ಕಣೇ! ಬೇಕಿದ್ರೆ ಅದನ್ನೇ ಕೇಳು."

ಸಮುದ್ರ ಆಕ್ಷೇಪಿಸಲಿಲ್ಲ. ದಿಮ್ಮಿ ಗೂಡ್ಸ್ ಆಟೋ ಹತ್ತಿತು.

ಎರಡು ವಾರ ಆನೆ ಕೆತ್ತಿದೆ. ಗೂಟ ಮಾತ್ರ ಆನೆಯ ತಲೆಯ ಮೇಲೆ ಅಸಹ್ಯವಾಗಿ ನಿಂತಿತ್ತು. ಕಲೆಯ ಹಿತದೃಷ್ಟಿಯಿಂದ ಅದನ್ನು ಕೊಯ್ದು ಹಾಕಿದೆ. ಮಗಳು ಬಂದು ನೋಡಿ, "ಅಪ್ಪಾ, ಇದು ಪನ್ನಿಯಾಣೋ?" ಎಂದಳು. ಹಂದಿಯೇ ಎಂದು ಕೇಳಿದ್ದು! ಮಲಯಾಳದಲ್ಲಿ ಕೇಳಿದರೆ ಅವಮಾನವೇನೂ ಕಡಿಮೆಯಾಗುವುದಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹಬ್ಬದ ಹಿಂದಿನ ದಿನ ಎರಡು ಕೋಟು ವಾರ್ನಿಷ್ ಬಳಿದೆ. ಕೊಚ್ಚಿಯ ಹವೆಯಲ್ಲಿ ಒಗೆದ ಬನಿಯನ್ ಕೂಡ ಬೇಗ ಒಣಗುವುದಿಲ್ಲ ಎಂಬುದು ಮರೆತೇಹೋಗಿತ್ತು.

ಕಡಲಿನ ಕಲೆಯನ್ನು ಕಡಲಿನವರೇ ಉದ್ಘಾಟಿಸಲಿ ಎಂಬ ಘನ ಸಲಹೆಯೂ ನನ್ನದೇ. ಫ್ಲ್ಯಾಟ್ ಸಂಘದ ಕಾರ್ಯದರ್ಶಿಗಳು ವೈಪಿನ್ನಿನ ಹಿರಿಯ ಮೀನುಗಾರ ಔಸೇಪ್ ಚೇಟ್ಟನ್, ಅಂದರೆ ಔಸೇಪಣ್ಣ, ಅವರನ್ನು ಕರೆತಂದರು. ಅವರು ರಿಬ್ಬನ್ ಕತ್ತರಿಸಿ, ಆನೆಯನ್ನು ನೋಡಿ, ಕತ್ತರಿಯನ್ನು ಕೈಬಿಟ್ಟು ಯೇಸುವನ್ನು ಕರೆದರು.

"ಈಶೋಯೇ! ಇದು ನನ್ನ ಮರ!"

ಅವರ ಅಪ್ಪನ ಕಾಲದಿಂದಲೂ ಆ ತಗ್ಗಿನಲ್ಲಿ ಕೂತೇ ಹರಿದ ಬಲೆ ಸರಿಮಾಡುವುದಂತೆ. ಭಾನುವಾರ ಯಾರೂ ಕಡಲಿಗಿಳಿಯದೆ ಇಡೀ ಕೇರಿಯೇ ಚರ್ಚಿಗೆ ಹೋಗುತ್ತದಂತೆ. ತೀರ ಖಾಲಿಯಿದ್ದದ್ದು ಅದಕ್ಕೆ! ಮರ ಕಾಣದೆ ಪಾಪ ಎರಡು ವಾರದಿಂದ ಬರೀ ಮರಳಲ್ಲಿ ಕೂತು ಅವರ ಸೊಂಟ ಹಿಡಿದುಕೊಂಡಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಬಲೆ ಸಿಕ್ಕಿಸೋ ಗೂಟ ಎಲ್ಲಿ ಸಾರೇ?"

"ಅದು... ಕಲೆಗೆ ಅಡ್ಡ ಬಂತು."

ಅವರು ನನ್ನನ್ನೊಮ್ಮೆ ನೋಡಿ, ಹೋಗಿ ಆನೆಯ ಬೆನ್ನಿನ ತಗ್ಗಿನಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದ್ದರು. ಅವರ ಬಿಳಿ ಮುಂಡುಪಂಚೆ ಏಳಲಿಲ್ಲ! ವಾರ್ನಿಷ್ ಹಿಡಿದುಕೊಂಡಿತ್ತು. ಸುಮ ಮೇಜಿನ ಬಟ್ಟೆಯನ್ನೇ ಎಳೆದುಕೊಂಡು ಓಡಿ ಬಂದಳು. ನಾನು ಓಡಿಹೋಗಲು ಜಾಗ ಹುಡುಕುತ್ತಿದ್ದೆ.

ಅಂದೇ ಮರವನ್ನು ತೀರಕ್ಕೆ ಮುಟ್ಟಿಸಿ, ಹೊಸ ಗೂಟ ಕೆತ್ತಿಕೊಡುತ್ತೇನೆ ಎಂದೆ. ಔಸೇಪ್ ಚೇಟ್ಟನ್ ಗಾಬರಿಯಾದರು.

"ಬೇಡ ಸಾರೇ! ನೀವು ಏನೂ ಕೆತ್ತಬೇಡಿ. ರಜೆ ಇದ್ದಾಗ ಬಂದು ಬಲೆ ಹಿಡ್ಕೊಳ್ಳಿ, ಸಾಕು."

ಈಗ ಬ್ಯಾಂಕಿಗೆ ರಜೆಯಿರುವ ಶನಿವಾರಗಳಲ್ಲಿ ನಾನು ದಿಮ್ಮಿಯ ತುದಿಯಲ್ಲಿ ಬಲೆ ಹಿಡಿದು ನಿಲ್ಲುತ್ತೇನೆ. ಅಲ್ಲೂ ದೂರು ತಪ್ಪಿಲ್ಲ. ಹಳೆಯ ಗೂಟ ಇಷ್ಟು ಅಲುಗಾಡುತ್ತಿರಲಿಲ್ಲವಂತೆ!